ಯಾವ ಕೋಶದಲ್ಲಿ ನೋಡಿದಿರಿ? ವೈರಸ್‌ಗೆ ನೆರವಾಗುವ, ತಡೆಯೊಡ್ಡುವ ಜೀನ್‌ಗಳ ಹುಡುಕಾಟ

ಹೈಡ್ರಾಕ್ಸಿಕ್ಲೋರೋಕ್ವಿನ್ ಕೊರೊನಾ ವೈರಸ್ಸನ್ನು ತಡೆಯುತ್ತದೆ ಎಂಬ ಪ್ರಯೋಗಾಲಯದ ಫಲಿತಾಂಶ 2020ರ ಆರಂಭದಲ್ಲಿ ಬಂದದ್ದು ವೀರೋ ಕೋಶಗಳಿಂದ. ಇವು ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನಲ್ಲಿ ಬೆಳೆಸಿದ ಕೋಶಗಳು. ಆ ಪ್ರಯೋಗದಲ್ಲಿ ತಪ್ಪೇನೂ ಇರಲಿಲ್ಲ. ವೀರೋ ಕೋಶಗಳಲ್ಲಿ ಆ ಔಷಧ ನಿಜಕ್ಕೂ ವೈರಸ್ಸನ್ನು ತಡೆಯುತ್ತದೆ. ಆದರೆ ಅದೇ ವರ್ಷ ಮನುಷ್ಯರ ಶ್ವಾಸಕೋಶ ಮೂಲದ ಕ್ಯಾಲು-3 ಕೋಶಗಳಲ್ಲಿ ಪರೀಕ್ಷಿಸಿದಾಗ ವೈರಸ್ ಸಲೀಸಾಗಿ ಒಳಹೊಕ್ಕಿತು.

ಕಾರಣ ಕೋಶದಲ್ಲೇ ಇತ್ತು. ಈ ವೈರಸ್ಸಿನ ಮುಳ್ಳು ಪ್ರೋಟೀನ್ ಕೋಶದ ಮೇಲ್ಮೈಯಲ್ಲಿರುವ ಎಸಿಇ2 ಎಂಬ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡ ಮೇಲೆ ಅದನ್ನು ಒಂದು ಕಿಣ್ವ ಕತ್ತರಿಸಬೇಕು, ಆಗ ಮಾತ್ರ ವೈರಸ್ಸಿನ ಪೊರೆ ಕೋಶದ ಪೊರೆಯೊಡನೆ ಬೆಸೆಯುತ್ತದೆ. ಶ್ವಾಸಕೋಶದ ಕೋಶಗಳ ಮೇಲ್ಮೈಯಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ಸಿದ್ಧವಾಗಿರುವುದರಿಂದ ಕೆಲಸ ಹೊರಗಡೆಯೇ ಮುಗಿಯುತ್ತದೆ. ವೀರೋದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕೋಶ ವೈರಸ್ಸನ್ನು ಎಂಡೋಸೋಮ್ ಎಂಬ ಸಂಚಿಯಲ್ಲಿ ನುಂಗಿಕೊಳ್ಳುತ್ತದೆ, ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಕೆಥೆಪ್ಸಿನ್-ಎಲ್ ಕತ್ತರಿಸುತ್ತದೆ. ಔಷಧ ತಗ್ಗಿಸುವುದು ಆ ಆಮ್ಲೀಯತೆಯನ್ನು. ಶ್ವಾಸಕೋಶದಲ್ಲಿ ವೈರಸ್ ಮುಖ್ಯವಾಗಿ ಬಳಸದ ದಾರಿಯನ್ನು ಅದು ಮುಚ್ಚಿತ್ತು, ಅಷ್ಟೇ.

"ಈ ಪ್ರೋಟೀನ್ ವೈರಸ್ಸಿಗೆ ನೆರವಾಗುತ್ತದೆ", "ಈ ಜೀನ್ ಸೋಂಕನ್ನು ತಡೆಯುತ್ತದೆ" ಎಂಬ ವಾಕ್ಯ ಎಲ್ಲಿ ಕಂಡರೂ ಮೊದಲು ಕೇಳಬೇಕಾದದ್ದು: ಯಾವ ಕೋಶದಲ್ಲಿ, ಯಾವ ವೈರಸ್ ಎದುರು, ಕೋಶ ಯಾವ ಸ್ಥಿತಿಯಲ್ಲಿದ್ದಾಗ? ಈ ಮೂರನ್ನು ಬಿಟ್ಟು ಜೀನ್‌ಗಳನ್ನು ಮಿತ್ರರು, ಶತ್ರುಗಳು ಎಂದು ಪಟ್ಟಿ ಮಾಡುವುದರಿಂದ ಪ್ರಯೋಜನವಿಲ್ಲ. ಐಎಫ್‌ಐಟಿಎಂ3 ಎಂಬ ಪ್ರೋಟೀನನ್ನೇ ನೋಡಿ. ಇನ್‌ಫ್ಲುಯೆಂಜಾ ವೈರಸ್ಸನ್ನು ಅದು ಎಂಡೋಸೋಮ್‌ನಲ್ಲೇ ಸಿಕ್ಕಿಹಾಕಿಸುತ್ತದೆ. ನೆಗಡಿ ತರುವ ಒಸಿ43 ಕೊರೊನಾ ವೈರಸ್ಸಿಗೆ ಅದೇ ಪ್ರೋಟೀನ್ ಒಳಬರಲು ನೆರವಾಗುತ್ತದೆ.

ನೆರವಿನ ವಿಷಯ ಮೊದಲು ನೋಡೋಣ. ಎಚ್‌ಐವಿಗೆ ಇರುವುದು ಕೇವಲ 9 ಜೀನ್‌ಗಳು, ಮನುಷ್ಯ ಕೋಶಕ್ಕೆ ಪ್ರೋಟೀನ್ ತಯಾರಿಸುವ ಸುಮಾರು 20,000. ಉಳಿದ ಕೆಲಸವನ್ನೆಲ್ಲ ವೈರಸ್ ಕೋಶದಿಂದಲೇ ಮಾಡಿಸಿಕೊಳ್ಳುತ್ತದೆ. ಗ್ರಾಹಕಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು: ಸಿಸಿಆರ್5 ಜೀನಿನ ಎರಡೂ ಪ್ರತಿಗಳಲ್ಲಿ 32 ಅಕ್ಷರ ಕಳೆದುಕೊಂಡವರಿಗೆ ಎಚ್‌ಐವಿಯ ಸಾಮಾನ್ಯ ತಳಿಗಳು ತಗಲುವುದು ತೀರಾ ಅಪರೂಪ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಕೋಶದೊಳಗಿನ ನೆರವು. ಹಕ್ಕಿಜ್ವರದ ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡಲು ಕೋಶದ ಎಎನ್‌ಪಿ32ಎ ಪ್ರೋಟೀನನ್ನು ಅವಲಂಬಿಸಿದೆ. ಬಹುತೇಕ ಹಕ್ಕಿಗಳ ಎಎನ್‌ಪಿ32ಎಯಲ್ಲಿ 33 ಅಮೈನೋ ಆಮ್ಲಗಳ ಒಂದು ತುಣುಕು ಹೆಚ್ಚುವರಿಯಾಗಿದೆ, ನಮ್ಮದರಲ್ಲಿ ಅದಿಲ್ಲ. ಹಾಗಾಗಿ ಹಕ್ಕಿಯ ವೈರಸ್ ಮನುಷ್ಯ ಕೋಶದೊಳಗೆ ಬಂದರೂ ಅದರ ನಕಲು ಯಂತ್ರ ಕುಂಟುತ್ತದೆ. ಆ ಯಂತ್ರದ ಭಾಗವಾದ ಪಿಬಿ2 ಪ್ರೋಟೀನಿನ 627ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸೀನ್ ಬಂದರೆ ಆ ಕುಂಟು ಬಹುಮಟ್ಟಿಗೆ ಹೋಗುತ್ತದೆ. ಹಕ್ಕಿಜ್ವರದ ವೈರಸ್ಸಿನ ಜೀನೋಮ್ ಓದುವವರು ಆ ಸ್ಥಾನವನ್ನು ತಪ್ಪದೆ ನೋಡುವುದು ಇದಕ್ಕೇ.

ನೆರವು ನೀಡುವ ಪ್ರೋಟೀನನ್ನೇ ತೆಗೆದುಬಿಟ್ಟರೆ ವೈರಸ್ ಸೋಲುತ್ತದಲ್ಲವೇ? ಪೋಲಿಯೊ ವೈರಸ್ ಸೇರಿರುವ ಎಂಟೆರೊವೈರಸ್ ಗುಂಪಿನ ವಿಷಯದಲ್ಲಿ 2019ರಲ್ಲಿ ಪತ್ತೆಯಾದ ಎಸ್‌ಇಟಿಡಿ3 ಇಂಥದ್ದೇ ಆಸೆ ಹುಟ್ಟಿಸಿತು. ಈ ಜೀನ್ ಇಲ್ಲದ ಇಲಿಗಳು ಸೋಂಕನ್ನು ತಡೆದುಕೊಂಡವು. ಆಕ್ಟಿನ್ ಪ್ರೋಟೀನಿಗೆ ಮೀಥೈಲ್ ಗುಂಪು ಸೇರಿಸುವುದು ಈ ಕಿಣ್ವದ ಸಹಜ ಕೆಲಸ. ವೈರಸ್ಸಿಗೆ ಆ ಕೆಲಸ ಬೇಕಿಲ್ಲ. ಅದರ 2ಎ ಪ್ರೋಟೀನ್ ಕಿಣ್ವಕ್ಕೆ ಅಂಟಿಕೊಂಡರೆ ಸಾಕು. ಇತ್ತ ಈ ಜೀನ್ ಇಲ್ಲದ ಹೆಣ್ಣಿಲಿಗಳಿಗೆ ಹೆರಿಗೆ ಕಷ್ಟವಾಗುತ್ತದೆ, ಏಕೆಂದರೆ ಗರ್ಭಕೋಶದ ಸ್ನಾಯು ಸರಿಯಾಗಿ ಕುಗ್ಗಲು ಆ ಮೀಥೈಲ್ ಗುಂಪು ಬೇಕು. ಆದ್ದರಿಂದ ಔಷಧ ಹುಡುಕುವವರು ಕಿಣ್ವದ ಕೆಲಸಕ್ಕೆ ಕೈಹಾಕದೆ, ವೈರಸ್ ಅಂಟುವ ಜಾಗವನ್ನಷ್ಟೇ ತಡೆಯುವ ಅಣುವಿನತ್ತ ಗಮನ ಕೊಡುವುದು ಸರಿ.

ಪ್ರತಿರೋಧದ ಕಡೆ ಕೋಶದ ಸ್ಥಿತಿಯ ಪ್ರಶ್ನೆ ಇನ್ನೂ ತೀವ್ರ. ಸ್ಯಾಮ್‌ಎಚ್‌ಡಿ1 ಎಂಬ ಕಿಣ್ವ ಡಿಎನ್‌ಎ ಕಟ್ಟಲು ಬೇಕಾದ ಕಚ್ಚಾವಸ್ತುವನ್ನೇ ಒಡೆದುಹಾಕಿ ಎಚ್‌ಐವಿಯ ನಕಲನ್ನು ನಿಲ್ಲಿಸುತ್ತದೆ. ಆದರೆ ವಿಭಜನೆಯಾಗುತ್ತಿರುವ ಕೋಶದಲ್ಲಿ ಅದರ 592ನೇ ಸ್ಥಾನದ ಥ್ರಿಯೊನೀನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಸೇರಿಕೊಂಡು ಈ ತಡೆ ಇಲ್ಲವಾಗುತ್ತದೆ. ಪ್ರಯೋಗಾಲಯದ ಕೋಶಗಳು ಸದಾ ವಿಭಜಿಸುತ್ತಲೇ ಇರುತ್ತವೆ. ರಕ್ತ ಮೂಲದ ಟಿಎಚ್‌ಪಿ-1 ಕೋಶಗಳಿಗೆ ಪಿಎಂಎ ಎಂಬ ರಾಸಾಯನಿಕ ಕೊಟ್ಟು ವಿಭಜನೆ ನಿಲ್ಲಿಸಿ, ಅವು ರೋಗಾಣು ನುಂಗುವ ಮ್ಯಾಕ್ರೋಫೇಜ್ ಕೋಶಗಳಂತೆ ತಳಕ್ಕೆ ಅಂಟಿಕೊಂಡ ಮೇಲೆ ನೋಡಿದರೆ ಮಾತ್ರ ತಡೆ ಕಾಣುತ್ತದೆ. ಎಚ್‌ಐವಿ-2ರ ವಿಪಿಎಕ್ಸ್ ಪ್ರೋಟೀನ್ ಈ ಕಿಣ್ವವನ್ನು ಕೋಶದ ಕಸ ಒಡೆಯುವ ವ್ಯವಸ್ಥೆಗೆ ತಳ್ಳುತ್ತದೆ. ಎಚ್‌ಐವಿ-1ಕ್ಕೆ ಆ ಪ್ರೋಟೀನ್ ಇಲ್ಲ.

ಸ್ಯಾಮ್‌ಎಚ್‌ಡಿ1ರಂತೆ ಮೊದಲೇ ಇರುವ ತಡೆಗಳಲ್ಲದೆ, ಕರೆದಾಗ ಬರುವ ತಡೆಗಳೂ ಇವೆ. ಆರ್‌ಐಜಿ-ಐ ಎಂಬ ಸಂವೇದಕ ವೈರಸ್ ಆರ್‌ಎನ್‌ಎಯ ತುದಿಯಲ್ಲಿರುವ ಮೂರು ಫಾಸ್ಫೇಟ್‌ಗಳನ್ನು ಗುರುತಿಸುತ್ತದೆ, ಸಿಗ್ಯಾಸ್ ಎಂಬುದು ಜಾಗ ತಪ್ಪಿ ಕೋಶದ್ರವಕ್ಕೆ ಬಂದ ಡಿಎನ್‌ಎಯನ್ನು. ಎರಡೂ ಕೊನೆಗೆ ಇಂಟರ್‌ಫೆರಾನ್ ಬಿಡುಗಡೆ ಮಾಡಿಸುತ್ತವೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಗುರುತಿಸಿದ ಈ ಪ್ರೋಟೀನ್ ಅಕ್ಕಪಕ್ಕದ ಕೋಶಗಳಲ್ಲಿ ನೂರಾರು ರಕ್ಷಣಾ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಪ್ರಯೋಗಾಲಯದಲ್ಲಿ ವೈರಸ್ ಚೆನ್ನಾಗಿ ಬೆಳೆಯುವ ಕೋಶಗಳು ಬಹಳ ಸಲ ಈ ರಕ್ಷಣೆ ಮುರಿದುಹೋದ ಕೋಶಗಳೇ. ವೀರೋದಲ್ಲಿ ಒಂದನೇ ಬಗೆಯ ಇಂಟರ್‌ಫೆರಾನ್ ಜೀನ್‌ಗಳೇ ಇಲ್ಲ. ಗ್ರಾಹಕ ಮಾತ್ರ ಇದೆ, ಹೊರಗಿನಿಂದ ಕೊಟ್ಟರೆ ಪ್ರತಿಕ್ರಿಯಿಸುತ್ತದೆ. ಹೆಪಟೈಟಿಸ್-ಸಿ ಬೆಳೆಸುವ ಎಚ್‌ಯುಎಚ್-7.5 ಕೋಶಗಳ ಆರ್‌ಐಜಿ-ಐಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಅದು ಕೆಲಸ ಮಾಡುವುದಿಲ್ಲ. ಎಚ್‌ಇಕೆ293ಟಿ ಎಂಬ ಕೋಶಗಳಲ್ಲಿ ಸಿಗ್ಯಾಸ್ ಮಾರ್ಗ ಇಲ್ಲವೆಂದೇ ಹೇಳಬೇಕು. ವೈರಸ್ ಬೆಳೆಸಲು, ಎಣಿಸಲು ಇವು ಅತ್ಯುತ್ತಮ. ಆದರೆ "ನಮ್ಮ ಜೀನ್ ತೆಗೆದರೂ ಇಂಟರ್‌ಫೆರಾನ್‌ನಲ್ಲಿ ವ್ಯತ್ಯಾಸವಿಲ್ಲ" ಎಂದು ವೀರೋದಲ್ಲಿ ತೋರಿಸಿದರೆ ಅದು ಏನನ್ನೂ ತೋರಿಸಿದಂತಲ್ಲ. ವೀರೋದ ಉಪತಳಿಯಾದ ವೀರೋ ಇ6ರಲ್ಲಿ ಕೊರೊನಾ ವೈರಸ್ಸನ್ನು ಕೆಲವು ಸಲ ದಾಟಿಸಿ ಬೆಳೆಸಿದರೆ ಮುಳ್ಳು ಪ್ರೋಟೀನಿನಲ್ಲಿ ಫ್ಯೂರಿನ್ ಎಂಬ ಕಿಣ್ವ ಕತ್ತರಿಸುವ ತಾಣವನ್ನು ಕಳೆದುಕೊಂಡ ವೈರಸ್‌ಗಳೇ ಮೇಲುಗೈ ಪಡೆಯುತ್ತವೆ ಎಂಬುದೂ ನೆನಪಿರಲಿ. ಶೀಷೆಯ ಮೇಲಿನ ಹೆಸರು ಹಳೆಯದು, ಒಳಗಿರುವ ವೈರಸ್ ಬೇರೆ. ಟಿಎಂಪಿಆರ್‌ಎಸ್‌ಎಸ್2 ಸೇರಿಸಿದ ವೀರೋದಲ್ಲಿ ಬೆಳೆಸಿ, ಪ್ರತಿ ಸಂಗ್ರಹದ ಜೀನೋಮನ್ನೂ ಓದಿಸಬೇಕು.

ನೆರವಿನ ಜೀನ್‌ಗಳನ್ನು ಒಟ್ಟಾರೆ ಹುಡುಕುವುದು ಈಗ ಹೆಚ್ಚಾಗಿ ಕ್ರಿಸ್ಪರ್ ಸಂಗ್ರಹಗಳಿಂದ. ಕ್ರಿಸ್ಪರ್‌ನಲ್ಲಿ ಗೈಡ್ ಎಂಬ ಪುಟ್ಟ ಆರ್‌ಎನ್‌ಎ ತೋರಿಸಿದ ಜೀನನ್ನು ಕ್ಯಾಸ್9 ಎಂಬ ಕಿಣ್ವ ಕತ್ತರಿಸಿ ಕೆಡಿಸುತ್ತದೆ. ಬ್ರುನೆಲ್ಲೊ ಎಂಬ ಸಂಗ್ರಹದಲ್ಲಿ 19,114 ಜೀನ್‌ಗಳಿಗೆ 76,441 ಗೈಡ್‌ಗಳಿವೆ, ಜೀನಿಗೆ ನಾಲ್ಕರಂತೆ. ಪ್ರತಿ ಕೋಶಕ್ಕೆ ಒಂದೇ ಗೈಡ್ ಹೋಗಬೇಕಾದ್ದರಿಂದ ಗೈಡನ್ನು ಒಳಗೊಯ್ಯುವ ಲೆಂಟಿವೈರಸ್ಸನ್ನು ಕೋಶಕ್ಕೆ ಸರಾಸರಿ 0.3 ಕಣದಂತೆ ಕೊಡುತ್ತಾರೆ. ಆಗ ಶೇ 26ರಷ್ಟು ಕೋಶಗಳಿಗೆ ಗೈಡ್ ಸಿಗುತ್ತದೆ. ಅವುಗಳಲ್ಲೂ ಶೇ 14ರಷ್ಟಕ್ಕೆ ಒಂದಕ್ಕಿಂತ ಹೆಚ್ಚು ಹೋಗಿರುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ಪ್ರತಿ ಗೈಡ್ 500 ಕೋಶಗಳಲ್ಲಿ ಇರಬೇಕೆಂದರೆ 3.8 ಕೋಟಿ ಕೋಶಗಳು ಉಳಿಯಬೇಕು, ಅಂದರೆ ಆರಂಭಿಸುವಾಗ ಸುಮಾರು 15 ಕೋಟಿ ಕೋಶಗಳು ಬೇಕು. ಗೈಡ್ ಸಿಗದ ಕೋಶಗಳನ್ನು ಕೊಲ್ಲಲು ಪ್ಯೂರೊಮೈಸಿನ್ ಎಂಬ ಔಷಧ ಎಷ್ಟು ಬೇಕು ಎಂಬುದನ್ನು ಬೇರೊಬ್ಬರ ಪ್ರಬಂಧದಿಂದ ಎತ್ತಿಕೊಳ್ಳಬಾರದು. ಗೈಡ್ ಇಲ್ಲದ ಕೋಶಗಳೆಲ್ಲ ಎರಡು ಮೂರು ದಿನದಲ್ಲಿ ಸಾಯುವ ಕನಿಷ್ಠ ಪ್ರಮಾಣವನ್ನು ನಿಮ್ಮ ಕೋಶದಲ್ಲೇ ಕಂಡುಕೊಳ್ಳಬೇಕು. ಜೀನ್ ಕತ್ತರಿಸಿದ ಮೇಲೂ ಹಳೆಯ ಪ್ರೋಟೀನ್ ಉಳಿದಿರುತ್ತದೆ, ಅದು ಕರಗಲು 7ರಿಂದ 10 ದಿನ ಕೊಟ್ಟು ಆಮೇಲೆ ವೈರಸ್ ಹಾಕಬೇಕು. ಬದುಕುಳಿದ ಕೋಶಗಳಲ್ಲಿ ಯಾವ ಗೈಡ್‌ಗಳು ಹೆಚ್ಚಾಗಿವೆ ಎಂದು ಎಣಿಸಿದರೆ ವೈರಸ್ಸಿಗೆ ಬೇಕಾಗಿದ್ದ ಜೀನ್‌ಗಳು ಸಿಗುತ್ತವೆ.

ಇಷ್ಟೆಲ್ಲ ಜತನದಿಂದ ಮಾಡಿ ಗೈಡ್ ಎಣಿಸಲು ಡಿಎನ್‌ಎಯ ನಕಲು ಹೆಚ್ಚಿಸುವ ಪಿಸಿಆರ್ ಹಂತದಲ್ಲಿ ಕೈಚೆಲ್ಲುವುದುಂಟು. ವರ್ಣತಂತುಗಳ ಎರಡು ಪ್ರತಿಯಿರುವ ಕೋಶವೊಂದರಲ್ಲಿ ಸುಮಾರು 6.6 ಪಿಕೋಗ್ರಾಂ ಡಿಎನ್‌ಎ ಇರುತ್ತದೆ. 3.8 ಕೋಟಿ ಕೋಶವೆಂದರೆ 250 ಮೈಕ್ರೋಗ್ರಾಂ. 100 ಮೈಕ್ರೋಲೀಟರಿನ ಒಂದು ಪಿಸಿಆರ್ ನಳಿಕೆಗೆ 10 ಮೈಕ್ರೋಗ್ರಾಂ ಹಾಕಿದರೂ 25 ನಳಿಕೆ ಬೇಕು. ಒಂದೇ ನಳಿಕೆಯಲ್ಲಿ ಮುಗಿಸಿದರೆ ಓದಿದ್ದು 15 ಲಕ್ಷ ಕೋಶಗಳನ್ನು ಮಾತ್ರ, ಅಂದರೆ ಗೈಡಿಗೆ 20. ಅಲ್ಲಿಂದಾಚೆಗೆ ಕಾಣುವ ಏರಿಳಿತ ಬಹುಪಾಲು ಆಕಸ್ಮಿಕ. ಯಾವ ಸಾಫ್ಟ್‌ವೇರೂ ಅದನ್ನು ಸರಿಪಡಿಸಲಾರದು.

ಬದುಕುಳಿದವನ್ನು ಎಣಿಸುವ ಈ ವಿಧಾನಕ್ಕೆ ಕಾಣದ ಸಂಗತಿಗಳಿವೆ. ಕೋಶದ ಬದುಕಿಗೇ ಬೇಕಾದ ಜೀನ್‌ಗಳು ವೈರಸ್ ಹಾಕುವ ಮೊದಲೇ ಪಟ್ಟಿಯಿಂದ ಬಿದ್ದುಹೋಗಿರುತ್ತವೆ. ಒಂದರ ಕೆಲಸವನ್ನು ಇನ್ನೊಂದು ಮಾಡಬಲ್ಲ ಜೋಡಿ ಜೀನ್‌ಗಳು ಅಡಗಿಕೊಳ್ಳುತ್ತವೆ. ಹೊಸ ವೈರಸ್ ಹೊರಹೋಗಲು ಬೇಕಾದ ಜೀನ್ ಇಲ್ಲದಿದ್ದರೂ ಕೋಶ ಅಷ್ಟರಲ್ಲಿ ಸತ್ತಿರುತ್ತದೆ.

ತಡೆಯೊಡ್ಡುವ ಜೀನ್‌ಗಳನ್ನು ಹಿಡಿಯಲು ಪ್ರಯೋಗವನ್ನು ತಿರುಗಿಸಬೇಕು. ಕೋಶಗಳಿಗೆ ಮೊದಲು ಇಂಟರ್‌ಫೆರಾನ್ ಕೊಟ್ಟು, ಹಸಿರು ಬೆಳಕು ಬೀರುವ ವೈರಸ್ ಹಾಕಿ, ಆದರೂ ಸೋಂಕು ತಗುಲಿದ ಕೋಶಗಳನ್ನು ಯಂತ್ರದಲ್ಲಿ ಬೇರ್ಪಡಿಸಬೇಕು. ಅವುಗಳಲ್ಲಿ ಹೆಚ್ಚಾಗಿರುವ ಗೈಡ್‌ಗಳು ತೋರಿಸುವುದು ತಡೆಯೊಡ್ಡುವ ಜೀನ್‌ಗಳನ್ನು. ಇಂಟರ್‌ಫೆರಾನ್ ಪ್ರಮಾಣ ತೀರಾ ಹೆಚ್ಚಾದರೆ ಬೇರ್ಪಡಿಸಲು ಹಸಿರು ಕೋಶಗಳೇ ಸಿಗುವುದಿಲ್ಲ, ಕಡಿಮೆಯಾದರೆ ಎಲ್ಲವೂ ಹಸಿರು. ಹತ್ತರಲ್ಲಿ ಸುಮಾರು ಒಂದು ಕೋಶಕ್ಕೆ ಸೋಂಕು ಉಳಿಯುವ ಪ್ರಮಾಣದಿಂದ ಹುಡುಕಲು ಶುರುಮಾಡಬಹುದು. ಫಲಿತಾಂಶದ ಮೇಲ್ತುದಿಯಲ್ಲಿ ಐಎಫ್‌ಎನ್‌ಎಆರ್1, ಜಾಕ್1, ಸ್ಟ್ಯಾಟ್2, ಐಆರ್‌ಎಫ್9 ಇರಲೇಬೇಕು, ಏಕೆಂದರೆ ಇಂಟರ್‌ಫೆರಾನ್‌ನ ಸಂದೇಶ ಸಾಗುವುದೇ ಇವುಗಳ ಮೂಲಕ. ಇವೇ ಬರದಿದ್ದರೆ ಕೆಳಗಿನ ಹೊಸ ಹೆಸರುಗಳನ್ನು ಓದಲು ಹೋಗಬೇಡಿ.

ಪಟ್ಟಿ ಸಿಕ್ಕಿತೆಂದು ಹಿಗ್ಗುವ ಮೊದಲು 2008ನ್ನು ನೆನೆಯಬೇಕು. ಆ ವರ್ಷ ಎಚ್‌ಐವಿಗೆ ನೆರವಾಗುವ ಜೀನ್‌ಗಳನ್ನು ಮೂರು ತಂಡಗಳು ಪುಟ್ಟ ಆರ್‌ಎನ್‌ಎಗಳಿಂದ ಜೀನನ್ನು ಅದುಮುವ ಆರ್‌ಎನ್‌ಎ ತಡೆಯ ವಿಧಾನದಿಂದ ಹುಡುಕಿ ತಲಾ 200ಕ್ಕೂ ಹೆಚ್ಚು ಹೆಸರು ಪ್ರಕಟಿಸಿದವು. ಮೂರರಲ್ಲೂ ಇದ್ದವು ಬೆರಳೆಣಿಕೆಯಷ್ಟು. ಕೋಶ ಬೇರೆ, ಅಳೆದ ಹೊತ್ತು ಬೇರೆ, ಜೊತೆಗೆ ಆ ಪುಟ್ಟ ಆರ್‌ಎನ್‌ಎಗಳು ಗುರಿಯಲ್ಲದ ಜೀನ್‌ಗಳನ್ನೂ ಅದುಮುತ್ತವೆ.

ಆದ್ದರಿಂದ ದೃಢೀಕರಣವೇ ನಿಜವಾದ ಕೆಲಸ. ಒಂದು ಜೀನಿಗೆ ಕನಿಷ್ಠ ಎರಡು ಬೇರೆ ಗೈಡ್, ಪ್ರೋಟೀನ್ ಇಲ್ಲವಾಗಿದೆ ಎಂಬುದಕ್ಕೆ ವೆಸ್ಟರ್ನ್ ಬ್ಲಾಟ್, ಕೋಶ ಮೊದಲಿನ ವೇಗದಲ್ಲೇ ಬೆಳೆಯುತ್ತಿದೆ ಎಂಬುದಕ್ಕೆ ಮೂರು ದಿನದ ಎಣಿಕೆ. ಕೊನೆಯದನ್ನು ಬಿಡುವವರೇ ಹೆಚ್ಚು. ನಿಧಾನ ಬೆಳೆಯುವ, ಬಳಲಿದ ಕೋಶದಲ್ಲಿ ಬಹಳಷ್ಟು ವೈರಸ್‌ಗಳು ಸೊರಗುತ್ತವೆ, ಅದು ಪ್ರತಿರೋಧವಲ್ಲ. ಸಂಬಂಧವಿಲ್ಲದ ಇನ್ನೊಂದು ವೈರಸ್ ಅದೇ ಕೋಶದಲ್ಲಿ ಎಂದಿನಂತೆ ಬೆಳೆಯುವುದನ್ನು ತೋರಿಸಿದರೆ ಈ ಅನುಮಾನ ಬಹುಪಾಲು ಕಳೆಯುತ್ತದೆ. ಆಮೇಲೆ ಜೀನನ್ನು ಮರಳಿ ಸೇರಿಸಬೇಕು. ಪ್ರೋಟೀನ್ ಬದಲಾಗದಂತೆ, ಗೈಡ್ ಗುರುತಿಸುವ ಅಕ್ಷರಗಳನ್ನು ಮಾತ್ರ ಬದಲಿಸಿ ಸೇರಿಸಬೇಕು, ಇಲ್ಲವಾದರೆ ಕೋಶದಲ್ಲಿರುವ ಕ್ಯಾಸ್9 ಅದನ್ನೂ ಕತ್ತರಿಸುತ್ತದೆ. ಮರಳಿ ಸೇರಿಸಿದರೂ ಸೋಂಕು ಮೊದಲಿನಂತಾಗದಿದ್ದರೆ ಆ ಹೆಸರನ್ನು ಕೈಬಿಡುವುದೇ ಪ್ರಾಮಾಣಿಕ ದಾರಿ.

ಯಾವ ಹಂತದಲ್ಲಿ ತಡೆ ಎಂಬುದು ಮುಂದಿನ ಪ್ರಶ್ನೆ. ವೈರಸ್ಸನ್ನು ಕೋಶಗಳ ಮೇಲೆ 4 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಅದು ಅಂಟಿಕೊಳ್ಳುತ್ತದೆ, ಒಳಹೋಗುವುದಿಲ್ಲ. ತಣ್ಣನೆಯ ದ್ರಾವಣದಲ್ಲಿ ತೊಳೆದು, ಉಳಿದ ವೈರಸ್ ಆರ್‌ಎನ್‌ಎ ಅಳೆದರೆ ಅಂಟಿಕೆಯ ಲೆಕ್ಕ ಸಿಗುತ್ತದೆ. ಡೆಂಗಿ, ಪೋಲಿಯೊದಂಥ ವೈರಸ್‌ಗಳ ಆರ್‌ಎನ್‌ಎಯನ್ನು ನೇರ ಕೋಶದೊಳಗೆ ಸೇರಿಸಬಹುದು. ಆಗ ಜೀನ್ ತೆಗೆದ ಕೋಶದಲ್ಲೂ ಮೊದಲ ಸುತ್ತಿನಲ್ಲಿ ಅಷ್ಟೇ ವೈರಸ್ ಹುಟ್ಟಿದರೆ ತಡೆ ಇದ್ದದ್ದು ಪ್ರವೇಶದಲ್ಲಿ.

ವೈರಸ್ ಸಂಗ್ರಹದ ಬಗ್ಗೆಯೂ ಎಚ್ಚರ ಬೇಕು. ಇಂಟರ್‌ಫೆರಾನ್ ಉತ್ಪಾದಿಸಬಲ್ಲ ಎ549ನಂಥ ಕೋಶದಲ್ಲಿ ಬೆಳೆಸಿದ ವೈರಸ್ಸಿನ ದ್ರವದಲ್ಲಿ ಇಂಟರ್‌ಫೆರಾನೂ ಸೇರಿರುತ್ತದೆ. ಅದನ್ನು ಹಾಗೇ ಹೊಸ ಕೋಶಕ್ಕೆ ಸುರಿದರೆ ಕಾಣುವ ಪ್ರತಿರೋಧ ಕೋಶದ್ದೋ ಶೀಷೆಯದ್ದೋ ತಿಳಿಯದು. ದ್ರವವನ್ನು 100 ಕಿಲೋಡಾಲ್ಟನ್ ಸೋಸಕದಲ್ಲಿ ಸೋಸಿ ನೋಡಿ: ವೈರಸ್ ಮೇಲೇ ಉಳಿಯುತ್ತದೆ, 20 ಕಿಲೋಡಾಲ್ಟನ್ ಆಸುಪಾಸಿನ ಇಂಟರ್‌ಫೆರಾನ್ ಕೆಳಗಿಳಿಯುತ್ತದೆ. ಕೆಳಗಿಳಿದದ್ದನ್ನು ಹೊಸ ಕೋಶಕ್ಕೆ ಆರು ಗಂಟೆ ಕೊಟ್ಟಾಗ ಇಂಟರ್‌ಫೆರಾನ್ ಚಾಲೂ ಮಾಡುವ ಎಂಎಕ್ಸ್1 ಜೀನಿನ ಚಟುವಟಿಕೆ ಏರಿದರೆ, ಶೇ 20ರ ಸಕ್ಕರೆ ದ್ರಾವಣದ ಮೆತ್ತೆಯ ಮೇಲೆ ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ವೈರಸ್ಸನ್ನು ತಳಕ್ಕಿಳಿಸಿ ಬೇರ್ಪಡಿಸಿಯೇ ಬಳಸಬೇಕು.

ಇಷ್ಟಾದ ಮೇಲೆ ಜನರಿಂದ ನೇರ ಪಡೆದ ಕೋಶಗಳಲ್ಲಿ ಪರೀಕ್ಷೆ. ಉಸಿರಾಟದ ವೈರಸ್‌ಗಳಿಗಾದರೆ ಶ್ವಾಸನಾಳದ ಕೋಶಗಳನ್ನು ಸೂಕ್ಷ್ಮರಂಧ್ರದ ಪೊರೆಯ ಮೇಲೆ, ಕೆಳಗೆ ಪೋಷಕ ದ್ರವ, ಮೇಲೆ ಗಾಳಿ ಇರುವಂತೆ ಮೂರು ನಾಲ್ಕು ವಾರ ಬೆಳೆಸಿದರೆ ರೋಮಗಳೂ ಲೋಳೆಯೂ ಮೂಡುತ್ತವೆ. ಸೋಂಕು ಹಾಕುವ ಮೊದಲು ಮೇಲ್ಮೈಯನ್ನು ಮೂರು ಸಲ ಮೆಲ್ಲಗೆ ತೊಳೆಯಿರಿ, ಲೋಳೆಯ ದಪ್ಪ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಥರ ಇದ್ದರೆ ವೈರಸ್ ತಲುಪುವ ಪ್ರಮಾಣವೂ ಬದಲಾಗುತ್ತದೆ. ಒಬ್ಬ ದಾನಿಯ ಕೋಶದಲ್ಲಿ ಕಂಡ ತಡೆ ಇನ್ನೊಬ್ಬರದರಲ್ಲಿ ಅರ್ಧಕ್ಕಿಳಿಯಬಹುದು. ಕನಿಷ್ಠ ಮೂವರು ದಾನಿಗಳ ಕೋಶ ಬಳಸಿ, ಸರಾಸರಿಯೊಂದನ್ನೇ ಕೊಡದೆ ಮೂವರ ಅಂಕಿಗಳನ್ನೂ ಬೇರೆ ಬೇರೆಯಾಗಿ ತೋರಿಸಿ.