ಎಂಆರ್‌ಐ ಕೊಳವೆಯೊಳಗೆ ಒಂದು ದೋಣಿಯಾನ

ದೇಹದೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಯಂತ್ರದ ಸದ್ದನ್ನು ಒಮ್ಮೆ ಕೇಳಿದವರು ಸುಲಭವಾಗಿ ಮರೆಯುವುದಿಲ್ಲ. ಸಾಮಾನ್ಯವಾಗಿ 1.5 ಟೆಸ್ಲಾದಷ್ಟು, ಅಂದರೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಪ್ರಬಲವಾದ ಕ್ಷೇತ್ರದಲ್ಲಿರುವ ತಂತಿಸುರುಳಿಗಳಲ್ಲಿ ವಿದ್ಯುತ್ತನ್ನು ಅತಿವೇಗವಾಗಿ ಏರಿಳಿಸಿದಾಗ ಅವು ಅದುರುತ್ತವೆ. 100 ಡೆಸಿಬೆಲ್ ದಾಟುವ ಆ ಬಡಿತ ಹುಟ್ಟುವುದು ಹೀಗೆ. ಇಷ್ಟು ಗದ್ದಲದ ನಡುವೆ, ಸುಮಾರು 60 ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ, ಕೆಲವೊಮ್ಮೆ ಅರ್ಧ ಗಂಟೆಗೂ ಮೀರಿ ಅಲುಗದೆ ಮಲಗಿರಬೇಕು. ಅಲುಗಿದರೆ ಚಿತ್ರ ಕಲಸಿಹೋಗುತ್ತದೆ.

ಜಿಇ ಹೆಲ್ತ್‌ಕೇರ್ ಕಂಪನಿಯ ವಿನ್ಯಾಸಕ ಡಗ್ ಡೀಟ್ಜ್, ತಾವೇ ರೂಪಿಸಿದ ಯಂತ್ರವನ್ನು ನೋಡಲೆಂದು ಆಸ್ಪತ್ರೆಗೆ ಹೋಗಿದ್ದಾಗ, ಅಪ್ಪ ಅಮ್ಮನ ಜೊತೆ ಬಂದ ಪುಟ್ಟ ಹುಡುಗಿಯೊಬ್ಬಳು ಅದನ್ನು ಕಂಡು ಅಳತೊಡಗಿದಳು. ಸ್ಕ್ಯಾನಿಗೆ ಬರುವ ಮಕ್ಕಳಲ್ಲಿ ಶೇ. 80ರಷ್ಟು ಮಂದಿಗೆ ಔಷಧ ಕೊಟ್ಟು ಮಂಪರು ಬರಿಸಬೇಕಾಗುತ್ತಿದೆಯೆಂದು ತಮಗೆ ತಿಳಿದದ್ದು ಆ ಬಳಿಕವೇ ಎಂದು ಅವರು ಹೇಳಿಕೊಂಡಿದ್ದಾರೆ.

ಯಂತ್ರವನ್ನು ಹೊಸದಾಗಿ ಕಟ್ಟಲು ಅವರ ಬಳಿ ಹಣವೂ ಇರಲಿಲ್ಲ, ಭೌತಶಾಸ್ತ್ರ ಅದಕ್ಕೆ ಹೆಚ್ಚು ಅವಕಾಶ ಕೊಡುವಂತೆಯೂ ಇರಲಿಲ್ಲ. ಬದಲಾದದ್ದು ಕೋಣೆ, ಹಾಗೂ ಸಿಬ್ಬಂದಿ ಆಡುವ ಮಾತು. ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸ್ಕ್ಯಾನರ್ ಕಡಲುಗಳ್ಳರ ಹಡಗಾಯಿತು. ಸ್ಕ್ಯಾನ್ ಮುಗಿಸಿದ ಮಗು ಪೆಟ್ಟಿಗೆಯಿಂದ ಒಂದು ಪುಟ್ಟ ನಿಧಿಯನ್ನು ಆರಿಸಿಕೊಳ್ಳಬಹುದಿತ್ತು. ಇನ್ನೊಂದು ಕಥೆಯಲ್ಲಿ ಅದು ಆಕಾಶನೌಕೆ. ಬಡಿತ ಜೋರಾಗುವ ಮುನ್ನವೇ ತಂತ್ರಜ್ಞರು, ನೌಕೆ ಈಗ ವೇಗ ಹೆಚ್ಚಿಸಿಕೊಳ್ಳುತ್ತದೆ, ಕಿವಿಗೊಟ್ಟು ಕೇಳು ಎನ್ನುತ್ತಾರೆ. ಮತ್ತೊಂದರಲ್ಲಿ ಮಗು ಮಲಗುವ ಮಂಚವೇ ದೋಣಿ: ಅಲುಗದೆ ಮಲಗಿದರೆ ಮೀನುಗಳು ನಿನ್ನ ಮೇಲೆ ಹಾರಿಹೋಗುತ್ತವೆ ಎಂಬ ಆಸೆ ಬೇರೆ.

ಇದನ್ನು ಗೋಡೆಗೆ ಬಣ್ಣ ಬಳಿದ ಕೆಲಸವೆಂದು ತಳ್ಳಿಹಾಕುವುದು ಸರಿಯಲ್ಲ. ಯಂತ್ರದಿಂದ ತೆಗೆಯಲಾಗದ ಸದ್ದಿಗೆ ಇಲ್ಲಿ ಒಂದು ಕಾರಣ ಸಿಕ್ಕಿತು, ಅಲುಗಬಾರದೆಂಬ ನಿಯಮ ಮಗುವಿನದೇ ಆಟವಾಯಿತು. ಗುಮ್ಮ ಬಂದನೆಂದು ಹೆದರಿಸಿ ಮಕ್ಕಳನ್ನು ಸುಮ್ಮನಿರಿಸುವ ನಮ್ಮ ಹಳೆಯ ಉಪಾಯಕ್ಕೆ ಇದು ತದ್ವಿರುದ್ಧ: ಗುಮ್ಮ ಎದುರಿಗೇ ನಿಂತಿದ್ದಾನೆ, ಕಥೆ ಅವನನ್ನು ಜೊತೆಗಾರನನ್ನಾಗಿ ಮಾಡುತ್ತಿದೆ. ಮಂಪರಿನ ಅಗತ್ಯ ಬಹಳಷ್ಟು ಇಳಿಯಿತು. ಸ್ಕ್ಯಾನ್ ಮುಗಿಸಿದ ಒಂದು ಮಗು, ನಾಳೆಯೂ ಬರೋಣವೇ ಎಂದು ಅಮ್ಮನನ್ನು ಕೇಳಿತಂತೆ.

ಕಥೆ ಕೇಳುವ ವಯಸ್ಸಾಗದ ಹಸುಗೂಸುಗಳ ಮುಂದೆ ಈ ಹಡಗು, ದೋಣಿ ಯಾವುದೂ ನಡೆಯುವುದಿಲ್ಲ. ಅವಕ್ಕೆ ಹೊಟ್ಟೆತುಂಬ ಹಾಲೂಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿವಿಗೆ ರಕ್ಷಣೆ ಕೊಟ್ಟು, ನಿದ್ದೆ ಹತ್ತಿದ ಹೊತ್ತು ನೋಡಿ ಕೊಳವೆಯೊಳಗೆ ಕಳಿಸುತ್ತಾರೆ.