ಅನಿಲಕ್ಕೆ ಲೋಹದ ಹೆಸರು ಬಂದದ್ದು ಹೇಗೆ?

ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಹೆಸರಿನ ಕೊನೆಗೆ ‘ಇಯಂ’ ಬಂದರೆ ಸಾಮಾನ್ಯವಾಗಿ ಅದು ಲೋಹ. ನಿಯಾನ್, ಆರ್ಗಾನ್, ಕ್ರಿಪ್ಟಾನ್ ಅನಿಲಗಳು. ಬಲೂನಿಗೆ ತುಂಬುವ ಹೀಲಿಯಂ ಮಾತ್ರ ಲೋಹಗಳ ಸಾಲಲ್ಲಿ ಹೋಗಿ ಕೂತಿದೆ, ವಿಚಿತ್ರ ಅಲ್ವಾ?

1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿ ನಿಂತು, ಸೂರ್ಯನ ಅಂಚಿನಿಂದ ಏಳುವ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣ) ನೋಡಿದರು. ಹೀಲಿಯಂ ಸಿಕ್ಕಿದ್ದು ಗುಂಟೂರಿನಲ್ಲೇ ಅಂತ ಸುಮಾರು ಕಡೆ ಓದುತ್ತೇವೆ. ಅದು ಅರ್ಧ ಸತ್ಯ. ಗ್ರಹಣ ಇಲ್ಲದ ದಿನವೂ ಆ ಜ್ವಾಲೆಗಳನ್ನು ನೋಡಬಹುದು ಎಂಬುದು ಜಾನ್ಸೆನ್ ಕಂಡುಕೊಂಡ ದೊಡ್ಡ ಸಂಗತಿ. ಹೊಸ ಧಾತುವಿನ ಮಾತು ಅವರದಲ್ಲ.

ಆ ಮಾತು ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ನಾರ್ಮನ್ ಲಾಕಯರ್ ಅವರದು. ಅದೇ ಅಕ್ಟೋಬರಿನಲ್ಲಿ, ಗ್ರಹಣವಿಲ್ಲದ ಸೂರ್ಯನಲ್ಲಿ ಅವರಿಗೊಂದು ಹಳದಿ ಗೆರೆ ಕಂಡಿತು. ಬಿಡಿಸಿದ ಬೆಳಕಿನಲ್ಲಿ ಒಂದೊಂದು ಧಾತುವಿಗೂ ಅದರದ್ದೇ ಗೆರೆಗಳಿರುತ್ತವೆ. ಸೋಡಿಯಂ ಗೆರೆಗಳ ತರಂಗಾಂತರ 589.0 ಮತ್ತು 589.6 ನ್ಯಾನೋಮೀಟರ್. ಇದು 587.6ರ ಹತ್ತಿರ. ಪಕ್ಕದಲ್ಲೇ ಇದೆ, ಆದರೆ ಸೋಡಿಯಂ ಅಲ್ಲ. ಭೂಮಿಯ ಮೇಲಿನ ಯಾವ ಧಾತುವಿಗೂ ಅದು ಹೊಂದಲಿಲ್ಲ. ಲಾಕಯರ್ ಮತ್ತು ರಸಾಯನಶಾಸ್ತ್ರಜ್ಞ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಕೆಲಸ ಮಾಡುತ್ತಿದ್ದದ್ದು ಜೊತೆಯಲ್ಲೇ. ಗ್ರೀಕರ ಸೂರ್ಯ ‘ಹೀಲಿಯೋಸ್’ನಿಂದ ಹೆಸರು ಹುಟ್ಟಿತು. ಲೋಹವೇ ಇರಬೇಕು ಅಂದುಕೊಂಡು ‘ಇಯಂ’ ಅಂಟಿಸಿದರು.

1871ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್ ಎಡಿನ್‌ಬರೋದ ವಿಜ್ಞಾನ ಸಭೆಯಲ್ಲಿ ಈ ಹೆಸರನ್ನು ಬಹಿರಂಗವಾಗಿ ಹೇಳಿದರು. ಅದೇ ಡಿಸೆಂಬರಿನ ಗ್ರಹಣಕ್ಕೆ ಲಾಕಯರ್ ಬಂದಿಳಿದದ್ದು ಕೆಳದಿಯವರು ಕಟ್ಟಿಸಿದ ಬೇಕಲ ಕೋಟೆಗೆ. ಆಗ ಬೇಕಲ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು.

ಒಂದೇ ಒಂದು ಗೆರೆ ನಂಬಿ ಧಾತು ಅಂದರೆ ಯಾರು ಒಪ್ಪುತ್ತಾರೆ? ತುಂಬಾ ಜನ ಒಪ್ಪಲೂ ಇಲ್ಲ. 1895ರಲ್ಲಿ ಲಂಡನ್ನಿನ ವಿಲಿಯಂ ರಾಮ್ಸೆ ಆರ್ಗಾನ್ ಹುಡುಕುತ್ತಾ, ಕ್ಲೀವೈಟ್ ಎಂಬ ಯುರೇನಿಯಂ ಅದಿರಿಗೆ ಆ್ಯಸಿಡ್ ಹಾಕಿ ಕಾಯಿಸಿದರು. ಗುಳ್ಳೆಗುಳ್ಳೆಯಾಗಿ ಬಂದ ಅನಿಲವನ್ನು ಪರೀಕ್ಷಿಸಿದರೆ ಅದೇ ಹಳದಿ ಗೆರೆ! ಇದೇ ಅನಿಲ ಕೆಲವು ವರ್ಷ ಮೊದಲು ಅಮೆರಿಕದ ರಸಾಯನಶಾಸ್ತ್ರಜ್ಞ ಹಿಲ್ಲೆಬ್ರಾಂಡ್ ಕೈಗೂ ಸಿಕ್ಕಿತ್ತು. ಅವರು ಸುಮ್ನೆ ನೈಟ್ರೋಜನ್ ಅಂದುಕೊಂಡು ಬಿಟ್ಟುಬಿಟ್ಟರು.

ಅಷ್ಟರಲ್ಲಿ ಹೆಸರಿಗೆ ಇಪ್ಪತ್ತು ವರ್ಷ ದಾಟಿತ್ತು, ಬದಲಾಗಲಿಲ್ಲ. 1898ರಲ್ಲಿ ರಾಮ್ಸೆ ಮತ್ತು ಅವರ ಜೊತೆಗಾರ ಟ್ರಾವರ್ಸ್ ಕಂಡುಹಿಡಿದ ಅನಿಲಗಳಿಗೆಲ್ಲ ‘ಆನ್’ ಸಿಕ್ಕಿತು. ಆ ಲೆಕ್ಕದಲ್ಲಿ ಇದು ‘ಹೀಲಿಯಾನ್’ ಆಗಬೇಕಿತ್ತು. ಆ ಹೆಸರನ್ನು ಈಗ ಹೀಲಿಯಂ-3ರ (ಹೀಲಿಯಂನ ಒಂದು ಹಗುರ ರೂಪ) ನ್ಯೂಕ್ಲಿಯಸ್ಸಿಗೆ ಕೊಟ್ಟಿದ್ದಾರೆ.