ಲಂಟಾನ: ಕಡ್ಡಿಗಿಂತ ಮೊದಲು ಬೇರು

ಸತ್ಯಮಂಗಲ ಕಾಡಿನ ಪಕ್ಕದ ತಾಳವಾಡಿ ಸುತ್ತಿನ ರೈತರಿರಲಿ, ಲಂಟಾನ ಕೆಲಸ ಕಲಿಯಲು ನನ್ನ ಶಿಬಿರಕ್ಕೆ ಬರುವ ಹುಡುಗರಿರಲಿ, ಎಲ್ಲರೂ ಕೇಳುವುದು ಒಂದೇ. ಕಾಡು, ಹೊಲದ ಬದು ಎಲ್ಲ ಕಡೆ ಹಬ್ಬುವ ಈ ಮುಳ್ಳುಪೊದೆ ಲಂಟಾನದಿಂದ ಏನಾದರೂ ಉಪಯೋಗ ಇದೆಯಾ? ಇದೆ. ಬೇಲಿಗೆ, ಒಲೆಗೆ, ಗೋಡೆಗೆ, ಕುರ್ಚಿಗೆ, ಎಲ್ಲದಕ್ಕೂ ಆಗುತ್ತದೆ. ಆದರೆ ಮಚ್ಚಿನಲ್ಲಿ ಕಡ್ಡಿ ಕಡಿದುಕೊಂಡು ಬಂದರೆ ಬುಡ ಮತ್ತೆ ಚಿಗುರುತ್ತದೆ, ಮೊದಲಿಗಿಂತ ಜಾಸ್ತಿ. ಅದಕ್ಕೇ ನಾನು ಮೊದಲ ದಿನ ಮಚ್ಚು ಕೊಡುವುದಿಲ್ಲ, ಗುದ್ದಲಿ ಕೊಡುತ್ತೇನೆ.

ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬುಡದ ಮಣ್ಣು ಸರಿಸಿ. ನೆಲಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರು ಕತ್ತರಿಸಿ. ಚಿಗುರು ಒಡೆಯುವ ಭಾಗ ಅದಕ್ಕಿಂತ ಮೇಲಿರುತ್ತದೆ, ಗಿಡದ ಜೊತೆಗೇ ಬಂದುಬಿಡುತ್ತದೆ. ಆಮೇಲೆ ಗಿಡವನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಇಲ್ಲದಿದ್ದರೆ ಅಲ್ಲೇ ಬೇರು ಬಿಡಬಹುದು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಬೆಳಕಿಗೆ ತಂದ ವಿಧಾನ ಇದು. ಔಷಧಿ ಬೇಡ, ಜೆಸಿಬಿಯೂ ಬೇಡ.

ಈಗ ಕಡ್ಡಿ ಆರಿಸೋಣ. ಎಳೆ ಕಾಂಡ ಚೌಕಾಕಾರ, ಮೈಯೆಲ್ಲ ಕೊಕ್ಕೆ ಮುಳ್ಳು. ಅದು ಒಲೆಗೆ ಸಾಕು. ಮರದ ಮೇಲೆ ಹತ್ತಿ ಬೆಳೆದ, ಹೆಬ್ಬೆರಳು ಗಾತ್ರದ ಉದ್ದ ಕಾಂಡ ಕೈಕೆಲಸಕ್ಕೆ ಒಳ್ಳೆಯದು. ಕೈಗವಸು ಹಾಕಿ, ಮಚ್ಚಿನ ಹಿಂಬದಿಯಿಂದ ಮುಳ್ಳು ಕೆರೆದುಬಿಡಿ.

ಹಸಿ ಕಡ್ಡಿಯನ್ನು ಹಾಗೇ ಬಗ್ಗಿಸಿದರೆ ಪಟ್ಟನೆ ಸೀಳುತ್ತದೆ. ಉದ್ದಕ್ಕೆ ಸೀಳಿದ ಡ್ರಮ್ಮಿನಲ್ಲಿ ನೀರು ತುಂಬಿಸಿ ಮೂರು ನಾಲ್ಕು ಗಂಟೆ ಕುದಿಸಬೇಕು. ಬಿಸಿ ಇರುವಾಗಲೇ ಸಿಪ್ಪೆ ಸುಲಭವಾಗಿ ಬಿಡುತ್ತದೆ, ಕಡ್ಡಿ ಬೆತ್ತದಂತೆ ಬಾಗುತ್ತದೆ. ತಣ್ಣಗಾದರೆ ಮುಗಿಯಿತು, ಮತ್ತೆ ಕುದಿಸಬೇಕು. ಆದ್ದರಿಂದ ಒಬ್ಬರು ಸುಲಿಯುತ್ತಿದ್ದರೆ ಇನ್ನೊಬ್ಬರು ಬಗ್ಗಿಸುತ್ತಿರಬೇಕು. ಒಬ್ಬಂಟಿಯಾಗಿ ಮಾಡುವ ಕೆಲಸ ಅಲ್ಲ ಇದು. ಕುದಿಸಿದ ಕಡ್ಡಿಗೆ ಹುಳದ ಕಾಟವೂ ಕಡಿಮೆ. ಮೊಳೆ ಹೊಡೆಯುವ ಮುನ್ನ ಸಣ್ಣ ತೂತು ಕೊರೆದುಕೊಳ್ಳಿ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಆದಿವಾಸಿಗಳು ಪರಿಸರ ಸಂಶೋಧನೆ ಮಾಡುವ ಏಟ್ರೀ (ATREE) ಸಂಸ್ಥೆಯ ತರಬೇತಿ ಪಡೆದು ಹೀಗೇ ಕುರ್ಚಿ, ಸೋಫಾ ಮಾಡಿದರು. 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದ ನಿಜ ಗಾತ್ರದ ಆನೆಗಳೂ ಲಂಟಾನದವೇ, ನೀಲಗಿರಿಯ ಗೂಡಲೂರು ಕಡೆಯ ಆದಿವಾಸಿಗಳ ಕೈಕೆಲಸ. ನಮ್ಮ ಮನೆಗಳಿಗೆ ಅಷ್ಟು ದೊಡ್ಡದು ಬೇಡ. ಬಿದಿರು ಸಿಗದ ಕಡೆ ಲಂಟಾನದ ತಡಿಕೆ ಕಟ್ಟಿ ಮಣ್ಣು ಮೆತ್ತಿದರೆ ಗೋಡೆಯಾಯಿತು. ಹುರುಳಿಕಾಯಿ ಬಳ್ಳಿಗೆ ಊರುಗೋಲೂ ಆದೀತು. ಆದರೆ ಹಸಿ ಕಡ್ಡಿ ನೆಟ್ಟೀರಿ ಜೋಕೆ, ಹೊಲದಲ್ಲೇ ಚಿಗುರಬಹುದು. ಚೆನ್ನಾಗಿ ಒಣಗಿಸಿಯೇ ನೆಡಿ.

ಒಲೆಗೆ ಇದು ಬೇಗ ಹತ್ತಿಕೊಳ್ಳುತ್ತದೆ, ಬೇಗ ಉರಿದೂ ಹೋಗುತ್ತದೆ. ಕಾಡಿನಲ್ಲಿ ಅದೇ ಗುಣ ಅಪಾಯ. ಒಣಗಿದ ಪೊದೆ ಏಣಿಯಾಗಿ ಬೆಂಕಿಯನ್ನು ಮರದ ನೆತ್ತಿಗೆ ಒಯ್ಯುತ್ತದೆ. ಹಿಂದೆ ಸೋಲಿಗರು ನೆಲದ ಒಣ ಎಲೆಗಳಿಗೆ ಹಾಕುತ್ತಿದ್ದ ಸಣ್ಣ ಬೆಂಕಿ, ಅಂದರೆ ತರಗು ಬೆಂಕಿ, ನಿಂತ ಮೇಲೆ ಲಂಟಾನ ಹೆಚ್ಚಿತು ಎಂದು ಅವರ ಹಿರಿಯರು ಹೇಳುತ್ತಾರೆ. ನನಗೂ ಆ ಮಾತಿನಲ್ಲಿ ಹುರುಳಿದೆ ಅನಿಸುತ್ತದೆ.

ಒಣಗಿದ ಎಲೆಯನ್ನು ಆಲೂಗಡ್ಡೆ ರಾಶಿಯ ಮೇಲೆ ಹರಡಿದರೆ ಗೆಡ್ಡೆ ಕೊರೆಯುವ ಪತಂಗದ ಕಾಟ ಕಡಿಮೆಯಾಗುತ್ತದೆ. ಹಾಗಂತ ಎಲೆಯನ್ನು ದನದ ಹತ್ತಿರ ಬಿಡಬೇಡಿ. ಲಂಟಾನ ತಿಂದ ದನ, ಕುರಿಗಳ ಪಿತ್ತಜನಕಾಂಗ ಕೆಡುತ್ತದೆ. ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಸುಟ್ಟಂತಾಗುತ್ತದೆ. ಹಸಿರು ಕಾಯಿ ಮಕ್ಕಳ ಬಾಯಿಗೂ ಹೋಗಬಾರದು. ಇದರ ಕಡ್ಡಿಯಲ್ಲಿ ಹಲ್ಲುಜ್ಜುವುದು, ಮಾಂಸ ಚುಚ್ಚಿ ಸುಡುವುದು ಎರಡೂ ಬೇಡ.

ಸತ್ಯಮಂಗಲ 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗಿನ ಪೊದೆಗೆ ಕೈ ಹಾಕಬೇಡಿ. ಅನುಮತಿ ಇದ್ದರೂ ಸದ್ದು ಮಾಡುತ್ತಲೇ ಹೋಗಿ, ಪೊದೆಯೊಳಗೆ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ಕಲಿಯಲು ನಿಮ್ಮ ಹೊಲದ ಬದುವೇ ಸಾಕು, ಅಲ್ವಾ? ಅಲ್ಲಿ ಕಿತ್ತ ಮೇಲೂ ಮುಂದಿನ ಮಳೆಗೆ ಹಕ್ಕಿಗಳು ಕೂರುವ ಮರದ ಕೆಳಗೆ ನೋಡಿ. ಹಣ್ಣು ತಿಂದ ಹಕ್ಕಿ ಬೀಜ ಹಾಕುವುದು ಅಲ್ಲೇ. ಸಸಿ ಗೇಣುದ್ದ ಇರುವಾಗ ಬರಿಗೈಯಲ್ಲೇ ಬರುತ್ತದೆ.